ಒಂದೇ ಟಿಕೆಟ್, ಒಂದೇ ಪಯಣ: 1908ರ ನಿಯಮವೊಂದರ ಕಥೆ

ಕಳೆದ ರಾಜ್ಯೋತ್ಸವದ ದಿನ ಮಿಸ್ಸಿಸಾಗಾದ ಸಭಾಂಗಣದಲ್ಲಿ ಊಟಕ್ಕೆ ಕೂತಾಗ ನಮ್ಮ ಮೇಜಿನ ಮಾತು ವಲಸೆಯ ಕಡೆ ತಿರುಗಿತು. ಹಿರಿಯರೊಬ್ಬರು, "ನಾವೆಲ್ಲ ರೂಲ್ಸ್ ಪ್ರಕಾರ ಬಂದವರು ಕಣ್ರೀ. ಈಗ ಬರೋರಿಗೆ ರೂಲ್ಸ್ ಅಂದ್ರೇನೇ ಗೊತ್ತಿಲ್ಲ" ಎಂದರು. ನಾನೂ ತಲೆಯಾಡಿಸಿದೆ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ. ಮಸ್ಕತ್‌ನಲ್ಲಿ ನಾಲ್ಕು ವರ್ಷ ದುಡಿದು, ಅಲ್ಲಿಂದಲೇ ಅರ್ಜಿ ಹಾಕಿ, ಅಲ್ಲೇ ಟಿಕೆಟ್ ಕೊಂಡು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದವನು. ಆ ಊಟದ ನಂತರ ಕೆನಡಾದ ಹಳೆಯ ವಲಸೆ ನಿಯಮಗಳನ್ನು ಓದತೊಡಗಿದಾಗ ಒಂದು ಸಂಗತಿ ತಿಳಿಯಿತು. 1908ರ ನಿಯಮ ಇಂದಿಗೂ ಇದ್ದಿದ್ದರೆ, ಎಲ್ಲ ಕಾಗದಪತ್ರ ಸರಿಯಿದ್ದರೂ ನನ್ನನ್ನು ಬಾಗಿಲಲ್ಲೇ ತಡೆಯಬಹುದಿತ್ತು.

ಮೂರು ದೇಶ, ಮೂರು ಬೀಗ

ಟೊರೊಂಟೊದ ರೋಜರ್ಸ್ ಸೆಂಟರ್ ಪಕ್ಕದಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಮಾರ್ಗ ಕಟ್ಟಿದ ಚೀನೀ ಕಾರ್ಮಿಕರ ಸ್ಮಾರಕವೊಂದಿದೆ. ಪಂದ್ಯ ನೋಡಲು ಹೋಗುವ ನಮ್ಮಲ್ಲಿ ಅನೇಕರು ಅದರ ಮುಂದೆಯೇ ನಡೆದಿರುತ್ತೇವೆ. ಅವರನ್ನು ಸಾವಿರಾರು ಸಂಖ್ಯೆಯಲ್ಲಿ ಹಡಗಿನಲ್ಲಿ ತಂದದ್ದು ಕೆಲಸಕ್ಕಾಗಿ. ರೈಲು ಮಾರ್ಗ ಮುಗಿದ 1885ರಲ್ಲೇ ಹೊಸದಾಗಿ ಬರುವ ಚೀನೀಯರ ಮೇಲೆ 50 ಡಾಲರ್ ತಲೆಗಂದಾಯ ಬಿತ್ತು. 1900ರಲ್ಲಿ ಅದು 100 ಆಯಿತು, 1903ರ ಕಾನೂನಿನಿಂದ 500. ಜಪಾನ್ ಬ್ರಿಟನ್ನಿನ ಮಿತ್ರರಾಷ್ಟ್ರ. ಹಾಗಾಗಿ ಅದರೊಡನೆ ಒಪ್ಪಂದ ಮಾಡಿಕೊಂಡು ವಲಸಿಗರ ಸಂಖ್ಯೆಗೆ ಮಿತಿ ಹಾಕಿದರು.

ಭಾರತೀಯರ ವಿಷಯ ಇಷ್ಟು ಸುಲಭವಿರಲಿಲ್ಲ. ಅವರು ಬ್ರಿಟಿಷ್ ಚಕ್ರವರ್ತಿಯ ಪ್ರಜೆಗಳು, ಕೆನಡಾವೂ ಅದೇ ಸಾಮ್ರಾಜ್ಯದ ಭಾಗ. 'ಭಾರತೀಯರಿಗೆ ಪ್ರವೇಶವಿಲ್ಲ' ಎಂದು ಬರೆದರೆ ಲಂಡನ್ನಿಗೆ ಮುಜುಗರ, ಭಾರತದಲ್ಲಿ ಅಸಮಾಧಾನ. ಆದರೆ 1907ರ ಸೆಪ್ಟೆಂಬರಿನಲ್ಲಿ ವ್ಯಾಂಕೂವರ್‌ನಲ್ಲಿ ಏಷ್ಯಾದವರ ವಿರುದ್ಧ ಗಲಭೆಯಾಗಿ, ಅವರನ್ನು ತಡೆಯಬೇಕೆಂಬ ಒತ್ತಡ ಹೆಚ್ಚಿತ್ತು.

ದೇಶದ ಹೆಸರಿಲ್ಲದ ನಿಯಮ

ಇದಕ್ಕೆ ಒಟ್ಟಾವಾ ಕಂಡುಕೊಂಡ ದಾರಿಯೇ 'ನಿರಂತರ ಪ್ರಯಾಣ'ದ ನಿಯಮ. ವಲಸಿಗ ತಾನು ಹುಟ್ಟಿದ ಅಥವಾ ಪೌರನಾಗಿರುವ ದೇಶದಿಂದ, ಅಲ್ಲೇ ಕೊಂಡ ನೇರ ಟಿಕೆಟ್ಟಿನಲ್ಲಿ, ನಡುವೆ ಎಲ್ಲೂ ಪಯಣ ಮುರಿಯದೆ ಬರಬೇಕು. ಓದಿದರೆ ಇದರಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ನೇರ ಹಡಗು ಸೇವೆಯೇ ಇರಲಿಲ್ಲ. ಹಾಂಕಾಂಗ್‌ನಲ್ಲೋ ಜಪಾನಿನಲ್ಲೋ ಹಡಗು ಬದಲಿಸಬೇಕಿತ್ತು. ಭಾರತದಲ್ಲಿ ಕೆನಡಾಕ್ಕೆ ನೇರ ಟಿಕೆಟ್ ಮಾರಬಾರದೆಂದು ಹಡಗು ಕಂಪನಿಗಳ ಮೇಲೆ ಸರ್ಕಾರವೇ ಒತ್ತಡ ತಂದಿತು. ಕೇಳುವ ಟಿಕೆಟ್ಟನ್ನೇ ಸಿಗದಂತೆ ಮಾಡಿದ ಮೇಲೆ ಬೇರೆ ನಿಷೇಧ ಏಕೆ ಬೇಕು?

ಇದರ ಜೊತೆಗೆ ಏಷ್ಯಾದಿಂದ ಬರುವವರ ಕೈಯಲ್ಲಿ 200 ಡಾಲರ್ ಇರಬೇಕೆಂಬ ಆಜ್ಞೆ ಹೊರಟಿತು. ಪ್ರತ್ಯೇಕ ವ್ಯವಸ್ಥೆಯಿದ್ದ ಚೀನೀಯರಿಗೂ ಜಪಾನೀಯರಿಗೂ ಅದು ಅನ್ವಯಿಸುತ್ತಿರಲಿಲ್ಲ. ಉಳಿದವರು ಮುಖ್ಯವಾಗಿ ಭಾರತೀಯರೇ. 1908ರ ಲೆಕ್ಕದ ವರ್ಷದಲ್ಲಿ ಸುಮಾರು 2,600 ಭಾರತೀಯರು ಬಂದಿದ್ದರು. ಮರುವರ್ಷ ಬಂದವರು ಆರು ಮಂದಿ. ಮೊದಲೇ ಇಲ್ಲಿದ್ದವರ ಹೆಂಡತಿ ಮಕ್ಕಳೂ ಇದೇ ನಿಯಮದಿಂದಾಗಿ ಊರಲ್ಲೇ ಉಳಿದರು. ಅವರಿಗೆ ಸಡಿಲಿಕೆ ಸಿಕ್ಕಿದ್ದು ಒಂದನೇ ಮಹಾಯುದ್ಧ ಮುಗಿದ ಮೇಲೆ.

1913ರ ಕೊನೆಯಲ್ಲಿ ಪನಾಮಾ ಮಾರು ಹಡಗಿನಲ್ಲಿ ಬಂದಿದ್ದ ಭಾರತೀಯರನ್ನು ಬ್ರಿಟಿಷ್ ಕೊಲಂಬಿಯಾದ ಮುಖ್ಯ ನ್ಯಾಯಮೂರ್ತಿ ಗಾರ್ಡನ್ ಹಂಟರ್ ಬಿಡುಗಡೆ ಮಾಡಿದರು. ಆಜ್ಞೆಗಳ ಮಾತು ಮೂಲ ಕಾನೂನಿನ ಮಾತಿಗೆ ಹೊಂದುತ್ತಿಲ್ಲ ಎಂಬುದು ಅವರ ತೀರ್ಪು. ಸರ್ಕಾರ ತಡಮಾಡದೆ ಪದಗಳನ್ನು ತಿದ್ದಿ ಆಜ್ಞೆಗಳನ್ನು ಮತ್ತೆ ಹೊರಡಿಸಿತು. ಬ್ರಿಟಿಷ್ ಕೊಲಂಬಿಯಾದ ಬಂದರುಗಳಲ್ಲಿ ಕೂಲಿಗಳು, ಕುಶಲಕರ್ಮಿಗಳು ಇಳಿಯುವಂತಿಲ್ಲ ಎಂಬ ಇನ್ನೊಂದು ಆಜ್ಞೆಯನ್ನೂ ಸೇರಿಸಿತು. ಇದರಲ್ಲೂ ಯಾವ ದೇಶದ ಹೆಸರಿಲ್ಲ. ಆದರೆ ಯುರೋಪಿನ ಹಡಗುಗಳು ಬರುತ್ತಿದ್ದದ್ದು ಪೂರ್ವದ ಹ್ಯಾಲಿಫ್ಯಾಕ್ಸ್, ಕ್ವಿಬೆಕ್‌ಗಳಿಗೆ. ಆ 1913ರಲ್ಲೇ ಕೆನಡಾ ನಾಲ್ಕು ಲಕ್ಷ ವಲಸಿಗರನ್ನು ಬರಮಾಡಿಕೊಂಡಿತ್ತು.

ಕೊಮಗಾಟಾ ಮಾರು

ಹಂಟರ್ ತೀರ್ಪಿನಿಂದ ಧೈರ್ಯ ಬಂದು ಗುರ್ದಿತ್ ಸಿಂಗ್ ಎಂಬ ವ್ಯಾಪಾರಿ ಜಪಾನಿನ ಹಡಗೊಂದನ್ನು ಬಾಡಿಗೆಗೆ ಹಿಡಿದರು. ಹಾಂಕಾಂಗ್‌ನಿಂದ ಹೊರಟು, ಶಾಂಘೈ, ಯೋಕೋಹಾಮಾಗಳಲ್ಲೂ ಜನರನ್ನು ಹತ್ತಿಸಿಕೊಂಡು, 1914ರ ಮೇ 23ರಂದು ಅದು ವ್ಯಾಂಕೂವರ್ ತಲುಪಿದಾಗ ಒಳಗಿದ್ದವರು 376 ಜನ: 340 ಸಿಖ್ಖರು, 24 ಮುಸ್ಲಿಮರು, 12 ಹಿಂದೂಗಳು. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಸುಮಾರು ಇಪ್ಪತ್ತು ಮಂದಿಯನ್ನು ಮಾತ್ರ ಇಳಿಸಿಕೊಂಡರು. ಉಳಿದವರು ದಡ ಕಾಣುವಷ್ಟು ಹತ್ತಿರದಲ್ಲಿ, ನೀರು ಅನ್ನಕ್ಕೆ ಪರದಾಡುತ್ತ ಎರಡು ತಿಂಗಳು ಕಾದರು. ಊರಿನೊಳಗಿದ್ದ ಭಾರತೀಯರು ಹಣ ಕೂಡಿಸಿ ಎಡ್ವರ್ಡ್ ಬರ್ಡ್ ಎಂಬ ವಕೀಲರನ್ನು ಇಟ್ಟರು.

ಎಲ್ಲರ ಪರವಾಗಿ ಒಬ್ಬನ ಮೊಕದ್ದಮೆ ನಡೆಯಿತು. ಆತ ಮುನ್ಶಿ ಸಿಂಗ್, ತಾನು ರೈತ ಎಂದವನು. ನೇರ ಪಯಣವಲ್ಲ, 200 ಡಾಲರ್ ಇಲ್ಲ, ರೈತನಲ್ಲ ಕೂಲಿ ಎಂಬ ಮೂರು ಕಾರಣಗಳಿಂದ ಅಧಿಕಾರಿಗಳು ಆತನಿಗೆ ಪ್ರವೇಶ ನಿರಾಕರಿಸಿದ್ದರು. ಜುಲೈ 6ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ಒಮ್ಮತದಿಂದ ಎತ್ತಿಹಿಡಿಯಿತು. ಈ ಸಲ ಆಜ್ಞೆಗಳ ಪದಗಳು ಸರಿಯಾಗಿದ್ದವು. ಜುಲೈ 23ರಂದು ಯುದ್ಧನೌಕೆ ರೇನ್‌ಬೋ ಕಾವಲಿನಲ್ಲಿ ಹಡಗನ್ನು ಹೊರಗಟ್ಟಲಾಯಿತು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿ, ಪ್ರಯಾಣಿಕರಲ್ಲಿ ಇಪ್ಪತ್ತರಷ್ಟು ಮಂದಿ ಸತ್ತರು.

ನಿರಂತರ ಪ್ರಯಾಣದ ನಿಯಮ ರದ್ದಾದದ್ದು 1947ರಲ್ಲಿ. ನಮ್ಮಲ್ಲಿ ಬಹುತೇಕರಿಗೆ ದಾರಿ ತೆರೆದ ಪಾಯಿಂಟ್ಸ್ ಪದ್ಧತಿ 1967ರದು. 2016ರ ಮೇ 18ರಂದು ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಮತ್ತೆ ಆ ಮೇಜಿಗೆ

ದೇಶವೊಂದಕ್ಕೆ ವಲಸೆಯ ನಿಯಮಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಅಂದು ಆ ಹಿರಿಯರು ಹೇಳಿದ್ದೂ ಸುಳ್ಳಲ್ಲ. ನಾವು ನಿಯಮದಂತೆಯೇ ಬಂದೆವು. ಆದರೆ ಮುನ್ಶಿ ಸಿಂಗ್ ನಮಗಿಂತ ಕಡಿಮೆ ಯೋಗ್ಯನಾಗಿರಲಿಲ್ಲ. ಆತ ಬಂದಾಗ ಆತನಿಂದ ಪಾಲಿಸಲಾಗದ ನಿಯಮವಿತ್ತು, ನಾವು ಬಂದಾಗ ಪಾಲಿಸಬಲ್ಲ ನಿಯಮವಿತ್ತು, ಅಷ್ಟೆ. ಮುಂದಿನ ರಾಜ್ಯೋತ್ಸವದಲ್ಲಿ ಅದೇ ಮಾತು ಬಂದರೆ ತಲೆಯಾಡಿಸುವ ಮೊದಲು ಕೇಳಬೇಕೆಂದಿದ್ದೇನೆ: "ಯಾವ ರೂಲ್ಸು ಸಾರ್? ಅದನ್ನ ಪಾಲಿಸೋಕೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ?"