ಎಂಟುನೂರರ ಓಟಗಾರ ನೂರರಲ್ಲಿ ಗೆದ್ದಾನೆಯೆ?

ಒಲಿಂಪಿಕ್ ಕ್ರೀಡೆಗಳ ವರ್ಷ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯ ಹುಡುಗರ ಬಾಯಲ್ಲಿ ಒಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ. 1500 ಮೀಟರ್ ಓಟದ ಕೊನೆಯ ಸುತ್ತನ್ನು ಕಂಡವರಿಗೆಲ್ಲ ಅದು ಹೊಳೆಯತಕ್ಕದ್ದೇ. ಸಾವಿರದ ನೂರು ಮೀಟರು ಓಡಿ ದಣಿದ ಮೇಲೂ ಹೀಗೆ ಬಾಣದಂತೆ ನುಗ್ಗುವ ಮನುಷ್ಯ, ದಣಿವೇ ಇಲ್ಲದೆ ಬರಿಯ ನೂರು ಮೀಟರು ಓಡಿದರೆ ಯಾರ ಕೈಗೆ ತಾನೆ ಸಿಕ್ಕಾನು?

ಇದನ್ನು ಹರಟೆಕಟ್ಟೆಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಬೆಳಗಿನ ಜಾವ ಈ ಊರುಗಳ ರಸ್ತೆಗಳಲ್ಲಿ, ಶಾಲೆಯ ಬಯಲುಗಳಲ್ಲಿ ಓಡುವ ತರುಣರಲ್ಲಿ ಬಹುಮಂದಿಯ ಕಣ್ಣು ಪೊಲೀಸ್ ಇಲ್ಲವೆ ಸೈನ್ಯದ ನೇಮಕಾತಿಯ ಮೇಲಿರುತ್ತದೆ. ನಮ್ಮ ರಾಜ್ಯದ ಕಾನ್‌ಸ್ಟೇಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅದು ಮಧ್ಯಮ ದೂರದ ಓಟ. ಆದರೆ ಇದೇ ಹುಡುಗರು ಶಾಲೆಯಲ್ಲಿದ್ದಾಗ ಅವರ ಕಾಲ್ಬಲವನ್ನು ಅಳೆಯುವ ಕೋಲು ಬಹುಮಟ್ಟಿಗೆ ನೂರು ಮೀಟರಿನ ಓಟವೊಂದೇ. ಅದರಲ್ಲಿ ಹಿಂದೆ ಬಿದ್ದವನಿಗೆ ಓಟ ಒಲಿಯದೆಂದು ತೀರ್ಪು. ಮುಂದೆ ಬಂದವನು ಎಲ್ಲ ಓಟಕ್ಕೂ ಸಲ್ಲುವನೆಂದು ಇನ್ನೊಂದು ತೀರ್ಪು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಕಾಲೇಜಿನ ಕ್ರೀಡಾಕೂಟಗಳಲ್ಲಿ ಗಡಿಯಾರ ಹಿಡಿದು ನಿಂತ ಅನುಭವ ಉಂಟು. ಎರಡು ತೀರ್ಪುಗಳೂ ಸುಳ್ಳಾಗುವುದನ್ನು ಹಲವು ಸಲ ಕಂಡಿದ್ದೇನೆ.

ಗೊಂದಲಕ್ಕೆ ನಮ್ಮ ಮಾತೂ ಒಂದಿಷ್ಟು ಕಾರಣವಿರಬಹುದು. ಕುದುರೆಯ ನಡೆಯಲ್ಲಿ ಕನ್ನಡಿಗರು ಕುಕ್ಕುಲೋಟ, ನಾಗಾಲೋಟ ಎಂದು ಭೇದವೆಣಿಸಿದರು. ಮನುಷ್ಯನದನ್ನು ಮಾತ್ರ ಸುಮ್ಮನೆ ‘ಓಟ’ ಎಂದುಬಿಟ್ಟರು. ಹೆಸರು ಒಂದಾದದ್ದರಿಂದ ವಸ್ತುವೂ ಒಂದೇ ಎಂದು ಬಗೆದು, ಉಳಿದುದನ್ನು ತ್ರೈರಾಶಿಕಕ್ಕೆ ಒಪ್ಪಿಸುತ್ತೇವೆ.

ಆ ಲೆಕ್ಕವನ್ನೇ ಮಾಡಿ ನೋಡೋಣ. ಮೊರಾಕ್ಕೋ ದೇಶದ ಹಿಷಾಮ್ ಎಲ್ ಗೆರೂಜ್ 1998ರಲ್ಲಿ ರೋಮ್ ನಗರದಲ್ಲಿ 1500 ಮೀಟರನ್ನು 3 ನಿಮಿಷ 26 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. ನೂರು ಮೀಟರಿಗೆ ಸರಾಸರಿ 13.73 ಸೆಕೆಂಡು. ಕೀನ್ಯಾದ ಡೇವಿಡ್ ರುಡಿಷಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಮುಗಿಸಿದ, ನೂರಕ್ಕೆ 12.61. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರಿಗೆ ತೆಗೆದುಕೊಂಡದ್ದು 9.58. ಇನ್ನು ಕೊನೆಯ ಸುತ್ತಿನ ಬಾಣದ ವಿಷಯ. 1500 ಮೀಟರಿನ ದೊಡ್ಡ ಸ್ಪರ್ಧೆಗಳಲ್ಲಿ ಗೆಲ್ಲುವವನ ಕೊನೆಯ ನೂರು ಮೀಟರು ಸಾಮಾನ್ಯವಾಗಿ ಹನ್ನೆರಡು-ಹದಿಮೂರು ಸೆಕೆಂಡಿನದು. ಹನ್ನೆರಡೂವರೆ ಎಂದೇ ಹಿಡಿಯಿರಿ; ಬೋಲ್ಟ್ ಗೆರೆ ದಾಟುವ ಹೊತ್ತಿಗೆ ಈತ ಎಪ್ಪತ್ತೇಳನೆಯ ಮೀಟರಿನ ಸುತ್ತಮುತ್ತ ಇರುತ್ತಾನೆ. ಅದೂ ಬೋಲ್ಟ್ ನಿಂತಲ್ಲಿಂದ ಹೊರಟಿದ್ದಾನೆ, ಈತ ಓಡುತ್ತಲೇ ಬಂದಿದ್ದಾನೆ. ಹಾಗಾದರೆ ಬಾಣದಂತೆ ಕಂಡದ್ದು ಏನು? ಪಕ್ಕದವರು ಸೋತು ನಿಧಾನವಾದದ್ದು. ರುಡಿಷಾನ ದಾಖಲೆಯ ಓಟವನ್ನೇ ಒಡೆದು ನೋಡಿದರೆ ಮೊದಲ ಸುತ್ತು 49.28, ಎರಡನೆಯದು 51.63. ನೋಡುಗರು ಅವನ ವೇಗ ಏರಿತೆಂದರು, ಗಡಿಯಾರ ಇಳಿಯಿತೆಂದಿತು.

ತ್ರೈರಾಶಿಕ ಇನ್ನೊಮ್ಮೆಯೂ ನಮ್ಮನ್ನು ಕುಣಿಸಿದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ಪ್ರಕಟವಾಯಿತು. ಪತ್ರಿಕೆಗಳು ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದವು, ಬೋಲ್ಟ್‌ನನ್ನು ಮೀರಿಸಿದ್ದಾಯಿತು. ಗೌಡರನ್ನು ಟ್ರ್ಯಾಕಿನಲ್ಲಿ ಪರೀಕ್ಷಿಸುತ್ತೇವೆಂದು ಕೇಂದ್ರದ ಕ್ರೀಡಾ ಸಚಿವರೂ ಕರೆದರು. ಗೌಡರು ಒಲ್ಲೆನೆಂದರು. ಅಷ್ಟು ಗದ್ದಲದ ನಡುವೆ ಹೆಚ್ಚು ವಿವೇಕ ತೋರಿದವರು ಅವರೇ ಎಂಬುದು ನನ್ನ ಎಣಿಕೆ. ಕೋಣಗಳ ಹಗ್ಗ ಹಿಡಿದು ಕೆಸರಿನಲ್ಲಿ ಓಡುವ ವಿದ್ಯೆಯೇ ಬೇರೆ.

ಹಾಗಾದರೆ ಭೇದ ಇರುವುದೆಲ್ಲಿ? ರಾಮನಗರದ ಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಅಲ್ಲಿ ಮಿಶ್ರತಳಿಯ ಗೂಡೂ ಉಂಟು, ದ್ವಿತಳಿಯ ಬಿಳಿಯ ಗೂಡೂ ಉಂಟು. ಎರಡೂ ರೇಷ್ಮೆಯೇ, ಆದರೆ ಎಳೆಯ ಗುಣ ಬೇರೆ. ರೀಲರುಗಳು ಒಂದರ ಬದಲಿಗೆ ಇನ್ನೊಂದನ್ನು ಕಣ್ಣುಮುಚ್ಚಿ ಕೊಳ್ಳುವುದಿಲ್ಲ. ನಮ್ಮ ಸ್ನಾಯುಗಳೂ ಎಳೆಗಳಿಂದಾದವು. ಅವುಗಳಲ್ಲಿ ಕೆಲವು ಕ್ಷಣಮಾತ್ರದಲ್ಲಿ ಬಲವಾಗಿ ಮುದುರಿ, ಅಷ್ಟೇ ಬೇಗ ದಣಿಯುವಂಥವು. ಉಳಿದವು ನಿಧಾನದವು, ರಕ್ತ ತಂದುಕೊಡುವ ಆಮ್ಲಜನಕವನ್ನು ಬಳಸಿಕೊಂಡು ಬಹುಹೊತ್ತು ದುಡಿಯುತ್ತವೆ. ನೂರು ಮೀಟರಿನ ವೀರನ ತೊಡೆಯಲ್ಲಿ ಮೊದಲ ಜಾತಿಯವು ಮಿಗಿಲು. ಯಾವುದು ಎಷ್ಟೆಂಬುದು ಬಹುಪಾಲು ಹುಟ್ಟಿನಿಂದ ಬಂದದ್ದು. ಅಭ್ಯಾಸ ಅದನ್ನು ಸ್ವಲ್ಪ ತಿದ್ದಬಲ್ಲದು, ಆದರೆ ನಿಧಾನದ ಎಳೆಯನ್ನು ವೇಗದ ಎಳೆಯಾಗಿ ಮಾರ್ಪಡಿಸುವುದು ಬಲು ಕಷ್ಟ.

ಇಂಧನದ ಲೆಕ್ಕವೂ ಹೀಗೆಯೇ. ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಶಕ್ತಿ ಕೆಲವೇ ಸೆಕೆಂಡಿನದು. ಅದು ತೀರುತ್ತ ಬಂದಂತೆ ಸಕ್ಕರೆಯ ಅಂಶವನ್ನು ಆಮ್ಲಜನಕವಿಲ್ಲದೆಯೇ ಒಡೆದು ಶಕ್ತಿ ಪಡೆಯುವ ಕೆಲಸ ಬಲಗೊಳ್ಳುತ್ತದೆ. ಆಮ್ಲಜನಕದ ನೆರವು ನಿಧಾನವಾಗಿ ಏರುತ್ತದೆ. ನೂರು ಮೀಟರಿನಲ್ಲಿ ಈ ಮೂರನೆಯದರ ಪಾತ್ರ ತೀರ ಅಲ್ಪ. 400 ಮೀಟರಿನಲ್ಲಿ ಅದು ನೂರಕ್ಕೆ 40ರಷ್ಟಾದರೂ ಆಗುತ್ತದೆ, 800ರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು, 1500ರಲ್ಲಿ ಐದರಲ್ಲಿ ನಾಲ್ಕು ಪಾಲು. ಈ ಅಂಕಿಗಳನ್ನು ದಯವಿಟ್ಟು ಇನ್ನೊಮ್ಮೆ ಗಮನಿಸಬೇಕು. ನೂರಕ್ಕೂ ಎಂಟುನೂರಕ್ಕೂ ನಡುವೆ ಕಂದಕವೇ ಇದೆ. ನಾನೂರು, ಎಂಟುನೂರು ಮಾತ್ರ ಅಕ್ಕಪಕ್ಕದ ಮನೆಗಳು.

ಇದರ ಮೇಲೆ ಹೊರಡುವ ವಿದ್ಯೆ. ಪಿಸ್ತೂಲಿನ ಸದ್ದಾಗಿ ಹತ್ತನೆಯ ಒಂದು ಸೆಕೆಂಡು ಕಳೆಯುವ ಮೊದಲೇ ಕದಲಿದರೆ ತಪ್ಪು ಹೊರಡಿಕೆ ಎಂಬ ನಿಯಮವಿದೆ. ಆ ಬಳಿಕ ಮೆಟ್ಟಿಗೆಯಿಂದ ತಳ್ಳಿಕೊಂಡು ಮೈ ಬಾಗಿಸಿ ವೇಗ ಕೂಡಿಸುತ್ತ ಹೋಗಬೇಕು. ಪೂರ್ಣ ವೇಗದಲ್ಲಿ ಪಾದ ನೆಲಕ್ಕೆ ತಾಗಿರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ದೇಹದ ತೂಕದ ಹಲವು ಪಾಲು ಬಲದಿಂದ ನೆಲವನ್ನು ಒದೆಯಬೇಕು. 1500 ಮೀಟರಿನವನು ನಿಂತೇ ಹೊರಡುತ್ತಾನೆ, ಬಲವನ್ನು ಉಳಿಸುವುದೇ ಅವನ ಕಸುಬು. ಆದ್ದರಿಂದ ಜಗದ್ವಿಖ್ಯಾತನಾದ ಮಧ್ಯಮ ದೂರದ ಓಟಗಾರನೂ ನೂರು ಮೀಟರಿನಲ್ಲಿ ರಾಜ್ಯಮಟ್ಟದ ಒಳ್ಳೆಯ ಸ್ಪರ್ಧಿಯ ಹಿಂದೆ ಉಳಿಯುವುದು ಆಶ್ಚರ್ಯವಲ್ಲ.

ಆದರೆ ಒಂದು ಮೆಟ್ಟಿಲು ಇಳಿಯಬಹುದು. ಅದಕ್ಕೆ ಸಾಕ್ಷಿ 1986ರ ಸೋಲ್ ಏಷ್ಯನ್ ಕ್ರೀಡಾಕೂಟ. ಕೇರಳದ ಶೈನಿ ಅಬ್ರಹಾಂ ಮುಖ್ಯವಾಗಿ 800 ಮೀಟರಿನವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆ ಓಟದ ಸೆಮಿಫೈನಲ್ ತಲುಪಿದ್ದರು. ಸೋಲ್‌ನಲ್ಲಿ ಅದೇ ಓಟದಲ್ಲಿ ಮೊದಲಿಗರಾಗಿ ಗೆರೆ ದಾಟಿಯೂ, ತಮ್ಮ ಪಥವನ್ನು ನಿಯಮಕ್ಕಿಂತ ಮುಂಚೆ ಬಿಟ್ಟು ಒಳಕ್ಕೆ ಸರಿದರೆಂದು ಅನರ್ಹರಾದರು. ಎಂಟುನೂರರಲ್ಲಿ ಮೊದಲ ತಿರುವು ಮುಗಿಯುವ ತನಕ ಮಾತ್ರ ತಂತಮ್ಮ ಪಥದ ಕಟ್ಟು. ಆಮೇಲೆ ಎಲ್ಲರೂ ಒಳಪಥಕ್ಕೆ ಬರಬಹುದು. ಶೈನಿಯವರಿಗೆ ಚಿನ್ನ ತಪ್ಪಿದ್ದು ಕೆಲವು ಹೆಜ್ಜೆಗಳ ಆತುರದಿಂದ. ಅದೇ ಕೂಟದ 400 ಮೀಟರಿನಲ್ಲಿ ಅವರು ಪಿ. ಟಿ. ಉಷಾ ಅವರ ಹಿಂದೆಯೇ ಬಂದು ಬೆಳ್ಳಿ ಗೆದ್ದರು. ಬಳಿಕ 4×400 ರಿಲೇ ಓಟ. ಅದರಲ್ಲಿ ಉಷಾ, ಶೈನಿಯವರ ಜೊತೆ ಓಡಿದ ಇಬ್ಬರೂ ಕನ್ನಡ ನಾಡಿನ ವಂದನೆಯರು: ವಂದನಾ ರಾವ್ ಮತ್ತು ವಂದನಾ ಶಾನಭಾಗ್. ಚಿನ್ನ ಭಾರತಕ್ಕೆ ಬಂತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸೋಲ್‌ನಲ್ಲಿ 200, 400 ಮತ್ತು 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಬಾಚಿದ ಉಷಾ ಅವರೇ ನೂರು ಮೀಟರಿನಲ್ಲಿ ಫಿಲಿಪ್ಪೀನ್ಸ್‌ನ ಲಿಡಿಯಾ ಡಿ ವೇಗಾ ಅವರಿಗೆ ಸೋತರು. ನಾನೂರರ ರಾಣಿಗೇ ನೂರು ಕಷ್ಟವಾದರೆ, ಎಂಟುನೂರರವರ ಪಾಡೇನು?

ಇಪ್ಪತ್ತೆಂಟು ವರ್ಷಗಳ ಬಳಿಕ, 2014ರ ಇಂಚಾನ್ ಕೂಟದಲ್ಲಿ ಅದೇ ಕಥೆ ಮರುಕಳಿಸಿತು. 800 ಮೀಟರಿನಲ್ಲಿ ಬೆಳ್ಳಿ ಗೆದ್ದ ಟಿಂಟು ಲೂಕಾ 4×400 ರಿಲೇಯಲ್ಲಿಯೂ ಓಡಿದರು. ಪ್ರಿಯಾಂಕಾ ಪನ್ವಾರ್, ಮನದೀಪ್ ಕೌರ್ ಜೊತೆಯಲ್ಲಿದ್ದರು, ನಾಲ್ಕನೆಯವರು ನಮ್ಮ ಮಂಗಳೂರಿನ ಎಂ. ಆರ್. ಪೂವಮ್ಮ. 3 ನಿಮಿಷ 28.68 ಸೆಕೆಂಡಿನಲ್ಲಿ ಚಿನ್ನ. ಎಂಟುನೂರರವರನ್ನು 4×100ಕ್ಕೆ ಯಾರೂ ಕರೆಯಲಿಲ್ಲ, ಕರೆಯುವುದೂ ಇಲ್ಲ.

ಮೇಲಕ್ಕೆ ಹತ್ತುವವರ ಮಾತು ಬೇರೆ. 1976ರ ಮಾಂಟ್ರಿಯಲ್‌ನ 800 ಮೀಟರ್ ಫೈನಲಿನಲ್ಲಿ ಮೊದಲ ಸುತ್ತನ್ನು ಎಲ್ಲರಿಗಿಂತ ಮುಂದೆ, 50.85 ಸೆಕೆಂಡಿನಲ್ಲಿ ಓಡಿದವನು ನಮ್ಮ ಶ್ರೀರಾಮ್ ಸಿಂಗ್. ಆ ಬಿರುಸನ್ನು ಬಳಸಿಕೊಂಡು ಗೆದ್ದವನು ಕ್ಯೂಬಾದ ಆಲ್ಬರ್ಟೊ ಹುವಾಂತೊರೇನ. 1 ನಿಮಿಷ 43.50ರ ವಿಶ್ವದಾಖಲೆ. ನಾಲ್ಕು ದಿನಗಳ ಬಳಿಕ 400 ಮೀಟರನ್ನೂ 44.26ರಲ್ಲಿ ಗೆದ್ದ. ಆದರೆ ಆತ ಮೊದಲಿನಿಂದ ನಾನೂರರವನು, ಎಂಟುನೂರಕ್ಕೆ ಹತ್ತಿದವನು. ವೇಗವಿದ್ದವನಿಗೆ ದಮ್ಮು ಕಲಿಸುವುದು ಸಾಧ್ಯ. ದಮ್ಮಿದ್ದವನಿಗೆ ವೇಗ ಕಲಿಸಹೊರಟ ಗುರುವಿಗೆ ಬೇಗನೆ ಗೋಡೆ ಅಡ್ಡವಾಗುತ್ತದೆ. ಶ್ರೀರಾಮ್ ಸಿಂಗ್ ಅಂದು ಏಳನೆಯವನಾದರೂ ಅವನ 1 ನಿಮಿಷ 45.77 ಭಾರತದ ದಾಖಲೆಯಾಗಿ 2018ರವರೆಗೆ ನಿಂತಿತು.

ಈಗ ನಮ್ಮ ನಾಲ್ಕು ಊರುಗಳ ಶಾಲೆಯ ಬಯಲಿಗೆ ಬರೋಣ. ದೈಹಿಕ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ನೂರು ಮೀಟರಿನಲ್ಲಿ ಆರನೆಯವನಾದ ಹುಡುಗನನ್ನು ಅಂದೇ ಕೈಬಿಡಬೇಡಿ. ಒಂದು ದಿನ ಅರುವತ್ತು ಮೀಟರು, ಇನ್ನೊಂದು ದಿನ ಮುನ್ನೂರು, ಮತ್ತೊಂದು ದಿನ ಸಾವಿರ ಓಡಿಸಿ, ಮೂರನ್ನೂ ಬರೆದಿಡಿ. ಅರುವತ್ತರಲ್ಲಿ ಹಿಂದಿದ್ದು ಮುನ್ನೂರರಲ್ಲಿ ಹತ್ತಿರ ಬಂದು ಸಾವಿರದಲ್ಲಿ ಮುಂದಾದವನು ನಿಮ್ಮ ಎಂಟುನೂರು, ಸಾವಿರದೈನೂರರ ಅಭ್ಯರ್ಥಿ. ತಾಲ್ಲೂಕು ಕೂಟಕ್ಕೆ ರಿಲೇ ತಂಡ ಕಟ್ಟುವಾಗ ಅವನನ್ನು 4×400ಕ್ಕೆ ಧಾರಾಳವಾಗಿ ಸೇರಿಸಿಕೊಳ್ಳಿ. 4×100ರ ನಾಲ್ಕನೆಯ ಸ್ಥಾನಕ್ಕೆ ಜನ ಸಾಲದಿದ್ದರೆ, ಉದ್ದ ಜಿಗಿತದ ಹುಡುಗನನ್ನು ಕೇಳಿ ನೋಡಿ.