ಅನಿರೀಕ್ಷಿತ ಬಗೆಯ ಆರ್ಗ್ಯುಮೆಂಟು: ಬಾಗಲಕೋಟೆ ಸೀಮೆಯ ಊರಹೆಸರು ಮತ್ತು ಶಾಸನ ದತ್ತಾಂಶದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸಾರಾಂಶ: ಭಾಷಾ ದತ್ತಾಂಶವನ್ನು ಸಂಸ್ಕರಿಸಲು ಬರೆಯುವ ಫಂಕ್ಷನ್ನಿಗೆ ನಿರೀಕ್ಷಿಸದ ಬಗೆಯ ಆರ್ಗ್ಯುಮೆಂಟು ಬಂದಾಗ ಅದನ್ನು ಮಾರ್ಪಡಿಸಿ ಸ್ವೀಕರಿಸಬೇಕೆ, ಬೇರೆ ನಿಯಮಕ್ಕೆ ಒಪ್ಪಿಸಬೇಕೆ, ನಿರಾಕರಿಸಬೇಕೆ ಎಂಬ ಪ್ರಶ್ನೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ ಎಂಬ ಊರಹೆಸರುಗಳ ಚತುರ್ಥಿ ರೂಪಗಳು ಹಾಗೂ ಬಾದಾಮಿ ಮತ್ತು ಐಹೊಳೆಯ ಶಾಸನಗಳ ಕಾಲಸೂಚನೆಗಳು ಇಲ್ಲಿನ ಉದಾಹರಣೆಗಳು. ಈ ನಿರ್ಧಾರ ಕೇವಲ ತಾಂತ್ರಿಕವಲ್ಲ, ಅದು ಭಾಷಾವೈಜ್ಞಾನಿಕವಾದದ್ದು ಎಂಬುದು ನಮ್ಮ ವಾದ.

ಕೀಲಿಪದಗಳು: ಫಂಕ್ಷನ್, ಆರ್ಗ್ಯುಮೆಂಟು, ಬಗೆ, ಚತುರ್ಥಿ ವಿಭಕ್ತಿ, ಶಕವರ್ಷ, ಯೂನಿಕೋಡ್

1. ಪೀಠಿಕೆ

‘ಫಂಕ್ಷನ್’ ಮತ್ತು ‘ಆರ್ಗ್ಯುಮೆಂಟು’ ಎಂಬ ಪದಗಳನ್ನು ಭಾಷಾವಿಜ್ಞಾನಿಗಳೂ ಪ್ರೋಗ್ರಾಂ ಬರೆಯುವವರೂ ಸಮಾನವಾಗಿ ಬಳಸುತ್ತಾರೆ. ಎರಡಕ್ಕೂ ಮೂಲ ತರ್ಕಶಾಸ್ತ್ರ ಮತ್ತು ಗಣಿತ. ಫಂಕ್ಷನ್ ತನ್ನಷ್ಟಕ್ಕೆ ಅಪೂರ್ಣ, ಆರ್ಗ್ಯುಮೆಂಟು ಅದನ್ನು ತುಂಬುತ್ತದೆ ಎಂಬ ತಿಳಿವಳಿಕೆಯನ್ನು ಗಾಟ್ಲೋಬ್ ಫ್ರೇಗೆ 1891ರಲ್ಲಿ ಮಂಡಿಸಿದನು. ‘ಕೊಡು’ ಎಂಬ ಧಾತು ಕೊಡುವವರನ್ನೂ ಕೊಡುವ ವಸ್ತುವನ್ನೂ ಪಡೆಯುವವರನ್ನೂ ಬೇಡುತ್ತದೆ ಎಂದು ನಾವು ಹೇಳುವಾಗ ಇದೇ ತಿಳಿವಳಿಕೆಯನ್ನು ಅನುಸರಿಸುತ್ತಿರುತ್ತೇವೆ.

ಆರ್ಗ್ಯುಮೆಂಟಿಗೆ ಒಂದು ‘ಬಗೆ’ ಇರುತ್ತದೆ. ಪ್ರೋಗ್ರಾಮಿಂಗಿನಲ್ಲಿ ಟೈಪ್ ಎನ್ನುವುದನ್ನು ನಾವಿಲ್ಲಿ ಬಗೆ ಎಂದೇ ಕರೆದಿದ್ದೇವೆ. ಸಹಜ ಭಾಷೆಯಲ್ಲಿ ಬಗೆ ಹೊಂದದಿದ್ದಾಗ ಕೇಳುಗರು ಅದನ್ನು ಸರಿದೂಗಿಸುತ್ತಾರೆ. ‘ಈ ವಾರ ಎರಡು ಸೀರೆ ಮುಗಿಸಿದೆ’ ಎಂಬ ವಾಕ್ಯವನ್ನು ನೋಡಬಹುದು. ‘ಮುಗಿಸು’ ಬೇಡುವುದು ಒಂದು ಕ್ರಿಯೆಯನ್ನು, ಸಿಕ್ಕಿರುವುದು ಒಂದು ವಸ್ತು. ಇಲಕಲ್ಲಿನ ನೇಕಾರರ ಬಾಯಲ್ಲಿ ಇದು ನೇಯ್ಗೆಯಾಗುತ್ತದೆ, ವ್ಯಾಪಾರಿಯ ಬಾಯಲ್ಲಿ ಮಾರಾಟವಾಗುತ್ತದೆ. ಜೇಮ್ಸ್ ಪುಸ್ಟೆಯಾವ್ಸ್ಕಿ 1995ರ ತಮ್ಮ ಗ್ರಂಥದಲ್ಲಿ ಇಂತಹ ಬಗೆಪಲ್ಲಟವನ್ನು ಪದಕೋಶದ ವ್ಯವಸ್ಥಿತ ಗುಣವೆಂದು ವಿವರಿಸಿದ್ದಾರೆ. ಕೇಳುಗರ ಈ ಪಲ್ಲಟ ಸಂದರ್ಭದ ಅರಿವನ್ನು ಅವಲಂಬಿಸಿದೆ. ಪ್ರೋಗ್ರಾಂಗೆ ಆ ಅರಿವಿಲ್ಲ. ಆದ್ದರಿಂದ ಅದು ತಾನಾಗಿ ಮಾಡುವ ಪಲ್ಲಟ ಅರ್ಥಗ್ರಹಣವಾಗುವ ಬದಲು ಊಹೆಯಾಗಿ ಉಳಿಯುತ್ತದೆ. ಆ ಊಹೆ ಕೋಷ್ಟಕದೊಳಗೆ ಸೇರಿದ ಮೇಲೆ ದತ್ತಾಂಶದಿಂದ ಅದನ್ನು ಬೇರ್ಪಡಿಸುವುದು ಕಷ್ಟ.

2. ನಾಲ್ಕು ಊರುಗಳು, ಒಂದು ಫಂಕ್ಷನ್

ನಾಮಪದವನ್ನು ಪಡೆದು ಅದರ ಚತುರ್ಥಿ ರೂಪವನ್ನು ಕೊಡುವ ‘ಚತುರ್ಥಿ’ ಎಂಬ ಫಂಕ್ಷನ್ನನ್ನು ಪೈಥಾನ್ ಭಾಷೆಯಲ್ಲಿ ಬರೆಯುತ್ತೇವೆಂದು ಇಟ್ಟುಕೊಳ್ಳೋಣ. ಪರೀಕ್ಷೆಗೆ ನಾಲ್ಕು ಊರಹೆಸರುಗಳು ಸಾಕು. ‘ಬಾದಾಮಿ’ ಇಕಾರಾಂತ, ‘ಬಾಗಲಕೋಟೆ’ ಎಕಾರಾಂತ. ಇವು ‘-ಗೆ’ ಪಡೆದು ‘ಬಾದಾಮಿಗೆ’, ‘ಬಾಗಲಕೋಟೆಗೆ’ ಆಗುತ್ತವೆ. ‘ಹುನಗುಂದ’ ಅಕಾರಾಂತ ನಪುಂಸಕವಾದ್ದರಿಂದ ‘ಹುನಗುಂದಕ್ಕೆ’. ‘ಇಲಕಲ್’ ವ್ಯಂಜನಾಂತ. ಅದರ ಕೊನೆಯ ವ್ಯಂಜನ ಇಮ್ಮಡಿಸಿ ‘ಇಲಕಲ್ಲಿಗೆ’ ಎಂಬ ರೂಪ ಬರುತ್ತದೆ.

ಫಂಕ್ಷನ್ ಸ್ಟ್ರಿಂಗಿನ ಕೊನೆಯ ಯೂನಿಕೋಡ್ ಸಂಕೇತವನ್ನು ನೋಡಿ ಕವಲೊಡೆಯುತ್ತದೆ. ಅದು ಇ ಅಥವಾ ಎ ಸ್ವರಚಿಹ್ನೆಯಾಗಿದ್ದರೆ ‘-ಗೆ’. ವಿರಾಮಚಿಹ್ನೆಯಾಗಿದ್ದರೆ ಇಮ್ಮಡಿ ವ್ಯಂಜನ ಮತ್ತು ‘-ಇಗೆ’. ಉಳಿದ ಎಲ್ಲಕ್ಕೂ ‘-ಕ್ಕೆ’. ಕನ್ನಡ ಲಿಪಿಯಲ್ಲಿ ಅಕಾರಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ. ಹಾಗಾಗಿ ಅಕಾರಾಂತವನ್ನು ‘ಉಳಿದದ್ದು’ ಎಂದು ಹಿಡಿಯುವುದು ಸಹಜವಾಗಿ ಕಾಣುತ್ತದೆ. ನಾಲ್ಕೂ ಊರುಗಳಿಗೆ ಸರಿಯಾದ ಉತ್ತರವೂ ಬರುತ್ತದೆ. ಆದರೆ ತೊಂದರೆ ಇರುವುದು ಈ ‘ಉಳಿದದ್ದು’ ಎಂಬ ಕವಲಿನಲ್ಲಿಯೇ. ಏಕೆಂದರೆ ನಾವು ಯೋಚಿಸದೆ ಬಿಟ್ಟ ಎಲ್ಲ ಬಗೆಗಳೂ ಅಲ್ಲಿಗೇ ಬಂದು ಸೇರುತ್ತವೆ.

ಮೊದಲನೆಯದು ಖಾಲಿ ಕೋಶ. ಪಾಂಡಾಸ್ ಗ್ರಂಥಾಲಯ ಕೋಷ್ಟಕವನ್ನು ಓದುವಾಗ ಖಾಲಿ ಕೋಶವನ್ನು ‘ನ್ಯಾನ್’ ಎಂಬ ದಶಮಾಂಶ ಬಗೆಯ ಮೌಲ್ಯವಾಗಿ ಕೊಡುತ್ತದೆ. ಇದನ್ನು ನೇರವಾಗಿ ಕಳಿಸಿದರೆ ಪೈಥಾನ್ ‘ಟೈಪ್‌ಎರರ್’ ಎಂದು ನಿಲ್ಲುತ್ತದೆ. ಆ ದೋಷಸೂಚನೆಯನ್ನು ತಪ್ಪಿಸಲು ಆರ್ಗ್ಯುಮೆಂಟನ್ನು ಮೊದಲೇ ಸ್ಟ್ರಿಂಗಾಗಿ ಪರಿವರ್ತಿಸುವ ರೂಢಿ ವ್ಯಾಪಕವಾಗಿದೆ. ಆಗ ಖಾಲಿ ಕೋಶ ಮೂರು ರೋಮನ್ ಅಕ್ಷರಗಳ ಪದವಾಗಿ, ‘-ಕ್ಕೆ’ ಪ್ರತ್ಯಯ ಪಡೆದು, ಚತುರ್ಥಿ ರೂಪಗಳ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತದೆ. ಸಿಗದ ಮಾಹಿತಿ ಹೀಗೆ ಸಿಕ್ಕ ಮಾಹಿತಿಯಾಗಿಬಿಡುತ್ತದೆ.

ಎರಡನೆಯದು ಪಟ್ಟಿ ಮತ್ತು ಸ್ಟ್ರಿಂಗುಗಳ ಗೊಂದಲ. ಊರುಗಳ ಪಟ್ಟಿಯನ್ನು ನಿರೀಕ್ಷಿಸುವ ಫಂಕ್ಷನ್ನಿಗೆ ‘ಬಾದಾಮಿ’ ಎಂಬ ಒಂದೇ ಸ್ಟ್ರಿಂಗ್ ಕೊಟ್ಟರೆ ಪೈಥಾನ್ ಆಕ್ಷೇಪಿಸುವುದಿಲ್ಲ. ಸ್ಟ್ರಿಂಗ್ ಕೂಡ ಸರಣಿಯೇ ಆದ್ದರಿಂದ ಮೂರು ಅಕ್ಷರಗಳ ಈ ಹೆಸರು ಆರು ಸಂಕೇತಗಳಾಗಿ ಒಡೆದು, ಸ್ವರಚಿಹ್ನೆಗಳೂ ಸೇರಿದಂತೆ ಪ್ರತಿಯೊಂದಕ್ಕೂ ಪ್ರತ್ಯಯ ಹತ್ತುತ್ತದೆ. ಇದಕ್ಕೆ ಪ್ರತಿಯಾಗಿ, ಒಂದು ಪದವನ್ನು ನಿರೀಕ್ಷಿಸುವ ಫಂಕ್ಷನ್ನಿಗೆ ಎರಡು ಊರುಗಳ ಪಟ್ಟಿ ಬಂದಾಗ ಏನು ಮಾಡಬೇಕೆಂಬುದನ್ನು ಪ್ರೋಗ್ರಾಮಿಂಗ್ ಕೈಪಿಡಿ ಹೇಳಲಾರದು. ಕನ್ನಡದಲ್ಲಿ ‘ಬಾದಾಮಿ ಮತ್ತು ಹುನಗುಂದಕ್ಕೆ’ ಎಂದು ಕೊನೆಯ ಘಟಕಕ್ಕೆ ಮಾತ್ರ ಪ್ರತ್ಯಯ ಹಚ್ಚಬಹುದು, ‘ಬಾದಾಮಿಗೂ ಹುನಗುಂದಕ್ಕೂ’ ಎಂದು ಎರಡಕ್ಕೂ ಹಚ್ಚಬಹುದು. ಪಟ್ಟಿಯ ಪ್ರತಿ ಸದಸ್ಯನ ಮೇಲೂ ಫಂಕ್ಷನ್ನನ್ನು ತಾನಾಗಿ ಅನ್ವಯಿಸುವ ಪ್ರೋಗ್ರಾಂ, ಸಮುಚ್ಚಯದ ವಾಕ್ಯರಚನೆಯ ಬಗ್ಗೆ ಒಂದು ನಿಲುವನ್ನು ಸದ್ದಿಲ್ಲದೆ ತಳೆದಿರುತ್ತದೆ.

ಮೂರನೆಯದು ಅಂಕಿ. 500 ಎಂಬ ಪೂರ್ಣಾಂಕವನ್ನು ಸ್ಟ್ರಿಂಗಾಗಿಸಿ ಕಳಿಸಿದರೆ ‘500ಕ್ಕೆ’ ಎಂಬ ಸರಿಯಾದ ರೂಪವೇ ಬರುತ್ತದೆ. ಆದರೆ ಈ ಸರಿ ಆಕಸ್ಮಿಕ. ಫಂಕ್ಷನ್ ‘ಐನೂರು’ ಎಂಬ ಉಕಾರಾಂತ ಸಂಖ್ಯಾವಾಚಿಯನ್ನು ಕಂಡಿಲ್ಲ, ‘0’ ಎಂಬ ಚಿಹ್ನೆಯನ್ನು ಅಕಾರಾಂತವೆಂದು ಬಗೆದಿದೆ. ಅದೇ ಕಾರಣಕ್ಕೆ ‘ಊರು’ ಎಂಬ ಪದ ಬಂದರೆ ‘ಊರಿಗೆ’ ಎಂಬುದರ ಬದಲು ‘ಊರುಕ್ಕೆ’ ಎಂಬ ಅಸಾಧು ರೂಪ ಕೊಡುತ್ತದೆ. ಆಕಸ್ಮಿಕವಾಗಿ ಸರಿಯಾದ ಉತ್ತರ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದರ ಅಪಾಯ ಇರುವುದೇ ಅಲ್ಲಿ.

3. ಸ್ಟ್ರಿಂಗ್ ಆಗಿದ್ದರೂ ಪದವಲ್ಲ

ಆರ್ಗ್ಯುಮೆಂಟು ಸ್ಟ್ರಿಂಗ್ ಹೌದೋ ಅಲ್ಲವೋ ಎಂದು ಕೇಳುವುದರಿಂದ ಮೇಲಿನ ಹಲವು ಪ್ರಸಂಗಗಳು ಬಗೆಹರಿಯುತ್ತವೆ. ಎಲ್ಲವೂ ಅಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಟ್ರಿಂಗ್. ಬಗೆಯ ಪರೀಕ್ಷೆಯಲ್ಲಿ ಅದು ಉತ್ತೀರ್ಣವಾಗುತ್ತದೆ. ಆದ್ದರಿಂದ ಪ್ರತಿ ಸಂಕೇತವೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ವಲಯದಲ್ಲಿದೆಯೇ ಎಂಬ ಎರಡನೆಯ ಪರೀಕ್ಷೆ ಬೇಕಾಗುತ್ತದೆ.

ಅದನ್ನೂ ದಾಟುವ ಪ್ರಸಂಗಗಳಿವೆ. ‘ಹುನಗುಂದ’ದ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿ ‘ಹುನಗು೦ದ’ ಎಂದು ಬರೆದರೆ ಎರಡೂ ಕಣ್ಣಿಗೆ ಒಂದೇ. ಎರಡೂ ಕನ್ನಡ ವಲಯದ ಸಂಕೇತಗಳೇ. ಆದರೆ ಯಂತ್ರಕ್ಕೆ ಎರಡನೆಯದು ನಡುವೆ ಅಂಕಿಯಿರುವ ಬೇರೊಂದು ಸ್ಟ್ರಿಂಗ್. ಪದಾವೃತ್ತಿಯನ್ನು ಎಣಿಸಿದರೆ ಒಂದೇ ಊರು ಎರಡು ನಮೂದುಗಳಾಗಿ ಒಡೆಯುತ್ತದೆ. ‘ಬಾಗಲಕೋಟೆ’ಯ ‘ಕೋ’ ಸಮಸ್ಯೆ ಇದಕ್ಕಿಂತ ಸುಲಭದ್ದು. ಅದರ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದಾದ್ದರಿಂದ ಹೆಸರಿನ ಉದ್ದ 8 ಅಥವಾ 10 ಎಂದು ಬರಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಮಾನಕವೇ ಹೇಳಿರುವುದರಿಂದ ಒಂದನ್ನು ಇನ್ನೊಂದಾಗಿ ಮಾರ್ಪಡಿಸುವುದರಲ್ಲಿ ನಷ್ಟವಿಲ್ಲ. ಸೊನ್ನೆ ಮತ್ತು ಅನುಸ್ವಾರಗಳಿಗೆ ಅಂತಹ ಸಮಾನತೆಯ ಆಧಾರವಿಲ್ಲ. ಅಲ್ಲಿ ಫಂಕ್ಷನ್ ನಿಂತು ತಿಳಿಸಬೇಕು.

ಉಪಭಾಷಾ ರೂಪಗಳ ವಿಷಯದಲ್ಲಿ ಈ ಭೇದ ಇನ್ನೂ ನಿರ್ಣಾಯಕ. ಈ ಭಾಗದ ಆಡುಮಾತಿನಲ್ಲಿ ‘ಮನೆ’ಯು ‘ಮನಿ’ ಆಗಿಯೂ ‘ತೋಟ’ವು ‘ತ್ವಾಟ’ ಆಗಿಯೂ ಕೇಳಿಬರುತ್ತದೆ. ನಿಘಂಟಿನಲ್ಲಿಲ್ಲದ ‘ಮನಿ’ಯನ್ನು ಅನಿರೀಕ್ಷಿತ ಮೌಲ್ಯವೆಂದು ಬಗೆದು ‘ಮನೆ’ಯಾಗಿ ತಿದ್ದುವ ಫಂಕ್ಷನ್ನು, ಪದಾಂತ್ಯದ ಎಕಾರ ಇಕಾರವಾಗುವ ಧ್ವನಿವ್ಯತ್ಯಾಸವನ್ನೇ ದತ್ತಾಂಶದಿಂದ ಅಳಿಸುತ್ತದೆ. ಅಧ್ಯಯನದ ವಸ್ತು ಅಧ್ಯಯನಕ್ಕೆ ಮೊದಲೇ ಕಾಣೆಯಾಗುತ್ತದೆ.

4. ಪೂರ್ಣಾಂಕವಾಗಿದ್ದರೂ ಶಕವರ್ಷವಲ್ಲ

ಬಗೆ ಸರಿಯಿದ್ದೂ ಅರ್ಥ ತಪ್ಪುವುದಕ್ಕೆ ಶಾಸನಗಳ ಕಾಲಸೂಚನೆ ಸ್ಪಷ್ಟ ಉದಾಹರಣೆ. ಶಕವರ್ಷವನ್ನು ಪಡೆದು 78ನ್ನು ಕೂಡಿಸಿ ಕ್ರಿಸ್ತಶಕವನ್ನು ಕೊಡುವ ಫಂಕ್ಷನ್ ಒಂದಿದೆ ಎನ್ನೋಣ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನದ ಶಕ 500ನ್ನು ಕೊಟ್ಟರೆ 578 ಬರುತ್ತದೆ. ಆದರೆ ಅದೇ ಶಾಸನ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷವೆಂದೂ ಹೇಳುತ್ತದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನ ಎರಡು ಗಣನೆಗಳನ್ನು ಒಟ್ಟಿಗೇ ಕೊಡುತ್ತದೆ: ಶಕ 556 ಮತ್ತು ಭಾರತ ಯುದ್ಧದಿಂದ 3735 ವರ್ಷ. ಎರಡೂ ಸೂಚಿಸುವುದು ಕ್ರಿ.ಶ. 634–35ನ್ನೇ. ಯಂತ್ರದ ಪಾಲಿಗೆ 12, 500, 556, 3735 ಎಲ್ಲವೂ ಪೂರ್ಣಾಂಕಗಳು. ಫಂಕ್ಷನ್ 3735ಕ್ಕೆ 3813 ಎಂಬ ಉತ್ತರವನ್ನು ಯಾವ ಅಡ್ಡಿಯೂ ಇಲ್ಲದೆ ಕೊಡುತ್ತದೆ.

3813 ಎಂಬ ಇಸವಿ ಯಾರ ಕಣ್ಣಿಗಾದರೂ ಬೀಳುತ್ತದೆ. ಬೀಳದಿರುವ ತಪ್ಪು ಬೇರೆ. ಈಗಾಗಲೇ ಪರಿವರ್ತಿಸಿದ 578ನ್ನು ಮತ್ತೊಮ್ಮೆ ಫಂಕ್ಷನ್ನಿಗೆ ಕೊಟ್ಟರೆ 656 ಬರುತ್ತದೆ. ಅದೂ ಬಾದಾಮಿ ಚಾಲುಕ್ಯರ ಕಾಲದೊಳಗಿನ ಇಸವಿಯೇ. ಲಿಪಿಯ ಅಥವಾ ವಿಭಕ್ತಿ ರೂಪಗಳ ಬದಲಾವಣೆಯನ್ನು ಕಾಲಾನುಕ್ರಮದಲ್ಲಿ ಜೋಡಿಸುವವರಿಗೆ ಈ 78 ವರ್ಷಗಳ ಜಾರಿಕೆ ಗೊತ್ತೇ ಆಗುವುದಿಲ್ಲ.

ಇನ್ನು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ಲಿಪಿಯ ಆಧಾರದಿಂದ ಅದನ್ನು ಸುಮಾರು 700ರ ಕಾಲದ್ದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೋಷ್ಟಕದಲ್ಲಿ ಅದರ ಶಕವರ್ಷದ ಕೋಶ ಖಾಲಿಯಿರುತ್ತದೆ. ಖಾಲಿಯನ್ನು ಸೊನ್ನೆಯೆಂದು ತೆಗೆದುಕೊಳ್ಳುವ ಫಂಕ್ಷನ್ ಅದಕ್ಕೆ ಕ್ರಿ.ಶ. 78 ಎಂಬ ಕಾಲವನ್ನು ಕೊಡುತ್ತದೆ. ಸುಮಾರು 450ರದ್ದೆಂದು ಹೇಳಲಾಗುವ ಹಲ್ಮಿಡಿ ಶಾಸನಕ್ಕಿಂತ ತ್ರಿಪದಿಗಳಿರುವ ಈ ಶಾಸನ ಹಿಂದಿನದಾಗಿ ನಿಲ್ಲುತ್ತದೆ. ಕನ್ನಡದ ಚರಿತ್ರೆ ಒಂದು ಖಾಲಿ ಕೋಶದಿಂದ ತಲೆಕೆಳಗಾಗುತ್ತದೆ.

5. ಮೂರು ದಾರಿಗಳು, ಒಂದು ಅಳತೆಗೋಲು

ಹೀಗೆ ಬಂದ ಆರ್ಗ್ಯುಮೆಂಟಿಗೆ ಮೂರು ಉಪಚಾರಗಳು ಸಾಧ್ಯ. ಅವುಗಳ ನಡುವೆ ಆಯ್ಕೆಗೆ ನಾವು ಸೂಚಿಸುವ ಅಳತೆಗೋಲು ಇದು.

ಅ) ಮಾರ್ಪಡಿಸುವುದು. ಪರಿವರ್ತನೆಗೆ ಒಂದೇ ಉತ್ತರವಿದ್ದು, ಮಾಹಿತಿ ನಷ್ಟವಾಗದಿದ್ದರೆ ಮಾತ್ರ ಇದು ಸಲ್ಲುತ್ತದೆ. ಖಾಲಿ ಕೋಶವೊಂದಿದ್ದರೆ ಪಾಂಡಾಸ್ ಸಾಮಾನ್ಯವಾಗಿ ಇಡೀ ಸಂಖ್ಯಾ ಸಾಲನ್ನು ದಶಮಾಂಶವಾಗಿಸುವುದರಿಂದ 556 ಎಂಬುದು 556.0 ಆಗಿ ಬರುತ್ತದೆ. ಅದನ್ನು 556ಕ್ಕೆ ಮರಳಿಸಬಹುದು. ‘೫೫೬’ ಎಂಬ ಸ್ಟ್ರಿಂಗನ್ನು ಪೈಥಾನಿನ ಪೂರ್ಣಾಂಕ ಪರಿವರ್ತನೆ ನೇರವಾಗಿ 556 ಎಂದು ಓದುತ್ತದೆ. ‘ಕೋ’ದ ಎರಡು ಸಂಕೇತರೂಪಗಳೂ ಈ ಗುಂಪಿನವು.

ಆ) ಬೇರೆ ನಿಯಮಕ್ಕೆ ಒಪ್ಪಿಸುವುದು. ಆ ಬಗೆಗೆ ಭಾಷೆಯಲ್ಲಿಯೇ ತನ್ನದೊಂದು ನಿಯಮವಿದ್ದರೆ ಅದಕ್ಕೆ ಪ್ರತ್ಯೇಕ ಕವಲು ಬೇಕು. ಪೂರ್ಣಾಂಕ ಬಂದರೆ ಮೊದಲು ಸಂಖ್ಯಾವಾಚಿಯಾಗಿಸಿ ‘ಐನೂರಕ್ಕೆ’ ಎಂಬ ರೂಪವನ್ನು ಸಾಧಿಸಬೇಕು. ಪಟ್ಟಿ ಬಂದರೆ ಸಮುಚ್ಚಯದ ಯಾವ ಮಾದರಿ ಬೇಕೆಂಬುದನ್ನು ಇನ್ನೊಂದು ಆರ್ಗ್ಯುಮೆಂಟಾಗಿ ಕೇಳಬೇಕು. ಮೊದಲ ಆರ್ಗ್ಯುಮೆಂಟಿನ ಬಗೆಯನ್ನು ನೋಡಿ ನಿಯಮವನ್ನು ಆಯುವ ಸೌಲಭ್ಯ ಪೈಥಾನಿನಲ್ಲಿ 3.4ನೆಯ ಆವೃತ್ತಿಯಿಂದ, ಅಂದರೆ 2014ರಿಂದ ಇದೆ. ಪ್ರಕೃತಿಯ ಅಂತ್ಯವನ್ನು ನೋಡಿ ‘-ಗೆ’, ‘-ಕ್ಕೆ’, ‘-ಇಗೆ’ಗಳಲ್ಲಿ ಒಂದನ್ನು ಆಯುವ ಉಪಾಕೃತಿಗಳ ವಿತರಣೆಗೆ ಇದು ರಚನೆಯಲ್ಲಿ ಸಮೀಪ. ಹಳಗನ್ನಡ ವ್ಯಾಕರಣ ಪರಂಪರೆ ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನು ‘ವಿಭಕ್ತಿ ಪಲ್ಲಟ’ವೆಂದು ಹೆಸರಿಸಿ ಒಪ್ಪಿತು. ಹೆಸರಿಟ್ಟು ಒಪ್ಪುವುದಕ್ಕೂ ಗಮನಿಸದೆ ಬಿಡುವುದಕ್ಕೂ ವ್ಯತ್ಯಾಸವಿದೆ.

ಇ) ನಿರಾಕರಿಸುವುದು. ಉಳಿದ ಎಲ್ಲಕ್ಕೂ ಇದೇ ದಾರಿ. ಬಗೆಯೇ ತಪ್ಪಿದ್ದರೆ ‘ಟೈಪ್‌ಎರರ್’, ಬಗೆ ಸರಿಯಿದ್ದು ಮೌಲ್ಯ ಸಲ್ಲದಿದ್ದರೆ ‘ವ್ಯಾಲ್ಯೂಎರರ್’ ಎಂದು ಪೈಥಾನ್ ಪ್ರತ್ಯೇಕಿಸುತ್ತದೆ. ಈ ಭೇದವನ್ನು ಉಳಿಸಿಕೊಳ್ಳುವುದು ಒಳಿತು. ಖಾಲಿ ಕೋಶ ಮೊದಲನೆಯದಕ್ಕೆ, ‘ಹುನಗು೦ದ’ ಎರಡನೆಯದಕ್ಕೆ ಸೇರುತ್ತವೆ. ದೋಷಸೂಚನೆಯಲ್ಲಿ ಸಾಲಿನ ಸಂಖ್ಯೆ, ಬಂದ ಮೌಲ್ಯ, ನಿರೀಕ್ಷಿಸಿದ ಬಗೆ ಇವು ಮೂರೂ ಇರಬೇಕು.

ಅಕಾರಾಂತವನ್ನು ‘ಉಳಿದದ್ದು’ ಎನ್ನದೆ, ಕೊನೆಯ ಸಂಕೇತ ವ್ಯಂಜನವೇ ಎಂದು ನೇರವಾಗಿ ಪರೀಕ್ಷಿಸಿ, ಉಳಿದ ಕವಲನ್ನು ನಿರಾಕರಣೆಗೆ ಬಿಡುವುದರಿಂದ ಎರಡನೆಯ ವಿಭಾಗದ ತೊಡಕುಗಳು ಬಹುಪಾಲು ನೀಗುತ್ತವೆ. ಆಗಲೂ ‘ಬಸವ’ನಂತಹ ಪುಲ್ಲಿಂಗ ಪದ ‘ಬಸವನಿಗೆ’ ಆಗುವ ಬದಲು ‘ಬಸವಕ್ಕೆ’ ಆಗುತ್ತದೆ. ಲಿಂಗ ಸ್ಟ್ರಿಂಗಿನಲ್ಲಿ ಕಾಣುವುದಿಲ್ಲ, ಅದನ್ನು ಪ್ರತ್ಯೇಕ ಆರ್ಗ್ಯುಮೆಂಟಾಗಿ ಪಡೆಯಲೇಬೇಕು. ವರ್ಷಕ್ಕೂ ಇದೇ ನ್ಯಾಯ. ಬರಿಯ 556ರ ಬದಲು ‘556, ಶಕ’ ಮತ್ತು ‘3735, ಭಾರತ ಯುದ್ಧ’ ಎಂಬ ಜೋಡಿಗಳನ್ನು ಫಂಕ್ಷನ್ ಬೇಡಿದರೆ ಎರಡು ಬಾರಿ ಪರಿವರ್ತಿಸುವ ತಪ್ಪು ಅಸಾಧ್ಯವಾಗುತ್ತದೆ. ಪೈಥಾನಿನಲ್ಲಿ 2015ರ 3.5ನೆಯ ಆವೃತ್ತಿಯಿಂದ ಬಳಕೆಗೆ ಬಂದ ಬಗೆಸೂಚನೆಗಳು ಇದಕ್ಕೆ ಸಾಲವು. ಅವು ಓದುವವರಿಗೆ ಮತ್ತು ಪರಿಶೀಲಕ ತಂತ್ರಾಂಶಗಳಿಗೆ ಸೂಚನೆ ಕೊಡುತ್ತವೆ, ಪ್ರೋಗ್ರಾಂ ಓಡುವಾಗ ಯಾವುದನ್ನೂ ತಡೆಯುವುದಿಲ್ಲ.

6. ಉಪಸಂಹಾರ

ಸಾವಿರಾರು ಸಾಲುಗಳ ಕೋಷ್ಟಕದಲ್ಲಿ ಪ್ರತಿ ದೋಷಕ್ಕೂ ಪ್ರೋಗ್ರಾಂ ನಿಂತರೆ ಕೆಲಸ ಸಾಗದು ಎಂಬ ಆಕ್ಷೇಪ ಸಹಜ. ಎಲ್ಲ ದೋಷಗಳನ್ನೂ ಹಿಡಿದು ನುಂಗುವ ಒಂದು ಸಾಲನ್ನು ಬರೆಯುವುದು ಅದಕ್ಕೆ ಪರಿಹಾರವಲ್ಲ. ನಿರಾಕೃತ ಸಾಲುಗಳನ್ನು ಕಾರಣಸಹಿತ ಬೇರೊಂದು ಕಡತಕ್ಕೆ ಬರೆದು ಮುಂದುವರಿಯಬೇಕು. ಒಪ್ಪಿಕೊಂಡ ಸಾಲುಗಳೆಷ್ಟು, ನಿರಾಕರಿಸಿದವೆಷ್ಟು ಎಂಬುದನ್ನು ಪ್ರಬಂಧದ ವಿಧಾನ ವಿಭಾಗದಲ್ಲಿ ನಮೂದಿಸಬೇಕು. ಅಸಾಧು ವಾಕ್ಯದ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಅದನ್ನೂ ದತ್ತಾಂಶವಾಗಿ ಬಳಸುವ ಶಿಸ್ತು ನಮ್ಮದು. ನಿರಾಕೃತ ಸಾಲುಗಳ ಕಡತಕ್ಕೂ ಅದೇ ಸ್ಥಾನ ಸಲ್ಲಬೇಕು. ಕಪ್ಪೆ ಅರಭಟ್ಟನ ಶಾಸನ ಆ ಕಡತದಲ್ಲಿ ‘ವರ್ಷದ ಉಲ್ಲೇಖವಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಇದ್ದರೆ, ಅದರ ಕಾಲವನ್ನು ಯಾವ ಆಧಾರದಿಂದ ನಿರ್ಣಯಿಸಬೇಕೆಂಬ ಪ್ರಶ್ನೆ ಸಂಶೋಧಕರ ಮುಂದೆ ಉಳಿದಿರುತ್ತದೆ.