ಕಾಲಡಿಯ ಕಲ್ಲಿನಿಂದ ಎದ್ದ ಕಟ್ಟಡಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ಬಾಳಿದವರಿಗೆ, ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆಜಂತಿಗಳ ಮೇಲೆ ಹರಡಿದ ಮಣ್ಣಿನ ಮೇಲ್ಮುದ್ದೆ, ಪಡಸಾಲೆಯ ನಡುವಿಗೆ ಬೆಳಕನ್ನಿಳಿಸುವ ಬೆಳಕಿಂಡಿ, ಇವೆಲ್ಲ ಕೂಡಿ ವೈಶಾಖದ ಉರಿಯನ್ನು ಹೊಸಿಲಾಚೆಯೇ ತಡೆಯುತ್ತಿದ್ದ ಬಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾರ್ಪಡಿಸಿ, ಒಕ್ಕಲಿನ ಕೈಯಲ್ಲಿ ನಾಲ್ಕು ಕಾಸು ಕೂಡುತ್ತ ಬಂದಂತೆ ಆ ಮನೆಗಳು ಒಂದೊಂದಾಗಿ ಉರುಳಿ, ಹಗಲೆಲ್ಲ ಬಿಸಿಲನ್ನು ಹೀರಿ ಇರುಳೆಲ್ಲ ಅದನ್ನು ಕಾರುವ ಆರ್‌ಸಿಸಿ ಮನೆಗಳು ತಲೆಯೆತ್ತಿವೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹೊರುವ ದುಡಿಮೆಯಿಂದ ಬಿಡುಗಡೆ ಬಯಸಿದವರನ್ನು ದೂರಲಾಗದು. ಆದರೆ ಆ ದುಡಿಮೆಯೊಡನೆ ಆ ತಂಪನ್ನೂ ತೊರೆಯಲೇಬೇಕೆ ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಕಟ್ಟಿ ತೋರಿಸಿದ ಉತ್ತರವುಂಟು. ಅದನ್ನು ಕಟ್ಟಿಸಿದವರು ಗೋವೆಯ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ.

ದಿಲ್ಲಿಯಲ್ಲಿ ವಾಸ್ತುವಿದ್ಯೆಯನ್ನು ಕಲಿತ ಡ ಕುನ್ಹಾ ಅವರಿಗೆ ನಿಜವಾದ ಗುರುಕುಲವಾದದ್ದು ಕೇರಳದಲ್ಲಿ, ಲಾರಿ ಬೇಕರರ ಬಳಿ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿ, ಭಾರತದ ಪ್ರಜೆಯಾಗಿ, 2007ರಲ್ಲಿ ತಿರುವನಂತಪುರದಲ್ಲಿ ದೇಹವಿಟ್ಟ ಆ ಮಹನೀಯರಿಗೆ, ಐದು ಮೈಲಿಯ ಆವರಣದೊಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತು ಜೀವನದೀಕ್ಷೆಯಾಯಿತು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುವುದಲ್ಲದೆ, ಆ ಪೊಳ್ಳಿನ ಗಾಳಿಯೇ ಬಿಸಿಲಿಗೆ ತಡೆಯಾಗುತ್ತದೆ. ಛಾವಣಿಯ ಕಾಂಕ್ರೀಟಿನ ಕೆಳಭಾಗ ಭಾರವನ್ನು ಹೊರುವುದರಲ್ಲಿ ಪಾಲುಗೊಳ್ಳದ ಕಾರಣ, ಅಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿದರೆ ಸಿಮೆಂಟೂ ಮಿಗುತ್ತದೆ, ತಂಪೂ ದೊರೆಯುತ್ತದೆ. ಇಂಥ ಯುಕ್ತಿಗಳನ್ನು ಬೇಕರರು ಗೌಂಡಿಗಳ ನಡುವೆ ನಿಂತು ರೂಢಿಗೆ ತಂದರು. ನಕ್ಷೆಯ ಹಾಳೆಗಿಂತ ಕಟ್ಟುವ ಕೈಯನ್ನು ಮಿಗಿಲಾಗಿ ನಂಬಿದ ಈ ಪರಂಪರೆ ನನಗೆ ಅತ್ಯಂತ ಪೂಜ್ಯವೆನಿಸುತ್ತದೆ.

ಶಿಷ್ಯನ ಕೈಯಲ್ಲಿ ಆ ವಿದ್ಯೆ ಪಡೆದ ರೂಪವನ್ನು ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಕಾಣಬಹುದು. ಒಡಿಸ್ಸಿ ನರ್ತಕಿ ಪ್ರೊತಿಮಾ ಗೌರಿ ಬೇಡಿಯವರು 1990ರಲ್ಲಿ ಸ್ಥಾಪಿಸಿದ ನೃತ್ಯಗ್ರಾಮಕ್ಕೆ ಡ ಕುನ್ಹಾ ಅವರು ಕೊಟ್ಟದ್ದು ಭವ್ಯಭವನವನ್ನಲ್ಲ, ಒಂದು ಹಳ್ಳಿಯನ್ನು. ಅಲ್ಲಿನ ಕಣಶಿಲೆ, ಮಣ್ಣು, ಹುಲ್ಲುಗಳೇ ಗುರುಕುಲಗಳೂ ವಸತಿಗಳೂ ಆಗಿ ನಿಂತಿವೆ. ಕಲ್ಲು ತನ್ನ ಒರಟನ್ನು ಗಿಲಾವಿನಡಿ ಮರೆಸಿಕೊಂಡಿಲ್ಲ. ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಕುಳಿತು ಸಹಸ್ರಾರು ಜನ ಇರುಳಿಡೀ ವಸಂತಹಬ್ಬದ ನೃತ್ಯಗಾನಗಳನ್ನು ಸವಿದ ಕಾಲವೊಂದಿತ್ತು. ಬಿಡುವಿನಲ್ಲಿ ತೋಟದ ದುಡಿಮೆಯನ್ನೂ ಮಾಡುವ ಶಿಷ್ಯೆಯರಿಗೆ, ನೆಲಕ್ಕೆ ಹತ್ತಿಕೊಂಡಿರುವ ಈ ಮನೆಗಳಿಗಿಂತ ಅನುರೂಪವಾದ ವಾಸಸ್ಥಾನವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಪ್ರೊತಿಮಾ ಅವರು 1998ರಲ್ಲಿ ಮಾನಸಸರೋವರದ ಹಾದಿಯಲ್ಲಿ ಮಾಲ್ಪಾದ ಭೂಕುಸಿತಕ್ಕೆ ಬಲಿಯಾದರೂ ಗ್ರಾಮವು ಬಾಡಲಿಲ್ಲ.

ಗೋವೆಯ ತೋರ್ಡಾದಲ್ಲಿ, ರಸ್ತೆಗಳ ನಡುವೆ ಸಿಕ್ಕ ತ್ರಿಕೋನಾಕಾರದ ತುಂಡು ನೆಲದಲ್ಲಿ ಹಡಗಿನ ಆಕಾರದಿಂದ ನಿಂತಿರುವ ಗೋವೆಯ ಮನೆಗಳ ವಸ್ತುಸಂಗ್ರಹಾಲಯವೂ ಇವರದೇ ಕೃತಿ. ನಮ್ಮವರಿಗೆ ಹೆಚ್ಚು ಸಮೀಪವಾದದ್ದು ತೋರಣಗಲ್ಲಿನ ವಿದ್ಯಾನಗರ: ಉಕ್ಕಿನ ಕಾರ್ಖಾನೆಯ ನೌಕರರಿಗಾಗಿ, ಬಳ್ಳಾರಿಯ ಬಿಸಿಲಿನಲ್ಲಿ, ಇಡಿಯ ಊರನ್ನೇ ಹೊಸದಾಗಿ ರೂಪಿಸುವ ಹೊಣೆಯನ್ನು ಅಲ್ಲಿ ಇವರು ಹೊತ್ತರು.

1915ರಲ್ಲಿ ಅಶೋಕನ ಹೆಸರನ್ನು ಲೋಕಕ್ಕೆ ತೋರಿದ ಶಾಸನವಿರುವ ಮಸ್ಕಿಯ ಗುಡ್ಡವಾಗಲಿ, ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆಯಾಗಲಿ, ಈ ಸೀಮೆಗೆ ಕಲ್ಲಿನ ಬಡತನವಿಲ್ಲವೆಂಬುದನ್ನು ಸಾರುತ್ತಿವೆ. ಕಲ್ಲನ್ನು ಒಡೆದು ಪಾಯದಲ್ಲಿ ಹೂಳಿ, ಮೇಲಿನ ಗೋಡೆಗೆ ಮಾತ್ರ ದೂರದ ಸಾಮಗ್ರಿಯನ್ನು ತರಿಸುವ ಪದ್ಧತಿ ನನಗೆ ವ್ಯಸನವನ್ನುಂಟುಮಾಡುತ್ತದೆ. ಎರೆಮಣ್ಣು ಹಸಿಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಇಲ್ಲಿ ಪಾಯವನ್ನು ಆಳವಾಗಿ ತೆಗೆಯಲೇಬೇಕು, ನಿಜ. ಆ ಪಾಯದ ಮೇಲೆ ಅದೇ ಕಲ್ಲಿನ ಗೋಡೆಯನ್ನೂ, ಹೆಂಚು ಹುದುಗಿಸಿದ ಛಾವಣಿಯನ್ನೂ, ಹಳೆಯ ಬೆಳಕಿಂಡಿಯನ್ನೂ ಕೂಡಿಸಿದರೆ ಮಣ್ಣು ಹೊರುವ ಕಷ್ಟವಿಲ್ಲದ ತಂಪು ಮನೆಯಾದೀತು. ಸಿಂಧನೂರಿನಿಂದ ಸಿರುಗುಪ್ಪ, ಬಳ್ಳಾರಿಗಳ ಮೇಲೆ ತೋರಣಗಲ್ಲು ಒಂದು ದಿನದಲ್ಲಿ ಹೋಗಿಬರಬಹುದಾದ ಊರು. ಮನೆ ಕಟ್ಟಿಸಲು ಹೊರಟವರು ಹೋಗುವಾಗ ತಮ್ಮ ಗೌಂಡಿಯನ್ನೂ ಜೊತೆಗೆ ಕರೆದೊಯ್ಯಲಿ.